ಗಾಜು ಒರೆಸುತ್ತಿದ್ದ ಸರ್ವೇ ಸಾಹೇಬರು

ಸಾಹೇಬರು ತೀರಿಕೊಂಡ ಐದನೆಯ ದಿನ ನಮ್ಮ ಓಣಿಯವರು ಒಂದು ಫ್ಲೆಕ್ಸ್ ಹಾಕಿಸಿದರು. ರೋಣದಲ್ಲಿ ಈಗ ಹುಟ್ಟುಹಬ್ಬಕ್ಕೂ ಸಾವಿಗೂ ಫ್ಲೆಕ್ಸ್ ಆಗಲೇಬೇಕು. ಅಳತೆ ಒಂದೇ, ಬಣ್ಣ ಮಾತ್ರ ಬೇರೆ. ಅದರಲ್ಲಿ ಎರಡು ಸಾಲು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಮೇಲಾಗಿ ಅವರ ಎದುರು ಮನೆಯವನು. ಎರಡು ದಿನ ಪೆನ್ನು ಹಿಡಿದು ಕುಳಿತೆ, ಏನೂ ಬರೆಯಲಾಗಲಿಲ್ಲ. ಕೊನೆಗೆ ಕಿರಾಣಿ ಅಂಗಡಿಯ ಗುರಪ್ಪ ಶೆಟ್ಟರು ತಾವೇ ಬಾಯಿಂದ ಹೇಳಿ ಬರೆಸಿದರು: ‘ಸ್ವಚ್ಛತೆಯ ಹರಿಕಾರರಿಗೆ ಓಣಿಯ ಸಮಸ್ತ ಬಾಂಧವರ ಭಾವಪೂರ್ಣ ಶ್ರದ್ಧಾಂಜಲಿ.’ ಕೆಳಗೆ ಹದಿನಾಲ್ಕು ಬಾಂಧವರ ಫೋಟೊ. ಅದರಲ್ಲಿ ಶೆಟ್ಟರದು ಸಾಹೇಬರ ಫೋಟೊಗಿಂತ ಒಂದು ಬೆರಳು ದೊಡ್ಡದಾಗಿಯೇ ಬಂದಿತ್ತು.

ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಅವರಷ್ಟು ಸ್ವಚ್ಛವಾಗಿ ಕಾರು ಇಟ್ಟುಕೊಂಡವರನ್ನು ನಾನು ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ನೋಡಿಲ್ಲ. ಆದರೆ ನಾನು ಕಂಡದ್ದು ಇನ್ನೂ ಒಂದಿದೆ. ಸಾಹೇಬರು ಎರಡೂವರೆ ವರ್ಷ ತಮ್ಮ ಕಾರಿನ ಮುಂದಿನ ಗಾಜಿನ ಮೇಲೆ ಇಲ್ಲದ ಒಂದು ಮಬ್ಬನ್ನು ಒರೆಸಿದರು. ಮಬ್ಬು ಇದ್ದದ್ದು ಅವರ ಕಣ್ಣಿನಲ್ಲಿ. ಫ್ಲೆಕ್ಸಿನಲ್ಲಿರುವ ಹದಿನಾಲ್ಕು ಜನರಲ್ಲಿ ಒಬ್ಬರೂ ಅದನ್ನು ಅವರಿಗೆ ಹೇಳಲಿಲ್ಲ. ಹೇಳುವವನೊಬ್ಬ ಸಿಗುವ ಹೊತ್ತಿಗೆ ಬಲಗಣ್ಣು ಕೈತಪ್ಪಿ ಹೋಗಿತ್ತು. ಮೇಲಿನ ಸಾಲಿನಲ್ಲಿ ಎಡದಿಂದ ಎರಡನೆಯ ಫೋಟೊ ನನ್ನದು.

ಹೆಸರು ಬೇಡ. ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಅವರು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ಈ ಮೂರು ಊರುಗಳ ಹೊಲಗಳನ್ನೆಲ್ಲ ಅಳೆದು ನಿವೃತ್ತರಾದವರು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಮಾತಾಡುವಾಗ ಒಂದು ಕಣ್ಣು ತುಸು ಕಿರಿದು ಮಾಡುವ ರೂಢಿ. ದೂರದರ್ಶಕದಲ್ಲಿ ಇಣುಕಿ ಇಣುಕಿ ಬಂದ ರೂಢಿ ಅದು. ಎದುರಿನವರಿಗೆ ಮಾತ್ರ ತಮ್ಮನ್ನೇ ಅಳೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಅವರ ಕಣ್ಣಿನ ಖ್ಯಾತಿ ದೊಡ್ಡದು. ಒಮ್ಮೆ ನರೇಗಲ್ ಕಡೆಯ ಹೊಲವೊಂದರಲ್ಲಿ ಅಣ್ಣ ತಮ್ಮ ಇಬ್ಬರು ಬದುವಿನ ಸಲುವಾಗಿ ಕೊಡಲಿ ಹಿಡಿದು ನಿಂತಿದ್ದರಂತೆ. ಸಾಹೇಬರು ಜೀಪಿನಿಂದ ಇಳಿದು, ಬದುವಿನ ಈ ತುದಿಗೆ ನಿಂತು, ಕಣ್ಣು ಕಿರಿದು ಮಾಡಿ, “ಸರಪಳಿ ಬ್ಯಾಡ. ಆ ತುದಿಗೆ ನಾಲ್ಕು ಅಡಿ ಸರದೈತಿ” ಅಂದರಂತೆ. ಆದರೂ ಅಣ್ಣ ತಮ್ಮ ಅಳತೆಯ ಸರಪಳಿ ಹಿಡಿಸಿದರು. ನಾಲ್ಕು ಅಡಿ ಎರಡು ಇಂಚು ಬಂತು. “ಆ ಎರಡು ಇಂಚು ನಿಮ್ಮ ಸರಪಳೀದು” ಅಂದು ಸಾಹೇಬರು ಜೀಪು ಹತ್ತಿದರಂತೆ. ಈ ಕಥೆಯನ್ನು ನನಗೆ ಅವರೇ ಹೇಳಿದ್ದು, ನಾಲ್ಕು ಸಲ. ನಾಲ್ಕು ಸಲವೂ ಎರಡೇ ಇಂಚು ಇತ್ತು. ಹಾಗಾಗಿ ನಂಬಿದ್ದೇನೆ.

ನಿವೃತ್ತರಾಗಿ ನಮ್ಮ ಓಣಿಗೆ ಬಂದ ಮೊದಲನೆಯ ವಾರ ಅವರು ಒಂದು ಮುಂಜಾನೆ ಕೈ ಹಿಂದೆ ಕಟ್ಟಿಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಒಂದೊಂದು ಮನೆಯ ಕಂಪೌಂಡಿನ ಮುಂದೂ ಒಂದು ಕ್ಷಣ ನಿಂತರು. ಕಣ್ಣು ಕಿರಿದು ಮಾಡಿದರು. ಏನೂ ಅನ್ನಲಿಲ್ಲ. ಮನೆಗೆ ಹೋಗಿ ಚಹಾ ಕುಡಿದರು.

ಓಣಿಯಲ್ಲಿ ಆ ದಿನ ಯಾರಿಗೂ ಚಹಾ ಸೇರಲಿಲ್ಲ. ಯಾಕೆಂದರೆ ನಮ್ಮ ಓಣಿಯ ಒಂದು ಮನೆಯೂ ತನ್ನ ನಕ್ಷೆಯೊಳಗೆ ಇಲ್ಲ. ಗುರಪ್ಪ ಶೆಟ್ಟರ ಅಂಗಡಿಯ ಮೆಟ್ಟಿಲು ರಸ್ತೆಯ ಮೇಲೆ ಮೂರು ಅಡಿ ಇಳಿದಿದೆ. ಮೂಲೆಮನೆಯವರ ಬಚ್ಚಲು ಪೂರ್ತಿ ಸರ್ಕಾರದ ಜಾಗದಲ್ಲಿದೆ. ನನ್ನ ಕಂಪೌಂಡ್ ಒಂಬತ್ತು ಇಂಚು ಹೊರಗಿದೆ. ಗೋಡೆ ಕಟ್ಟಿದ ಗೌಂಡಿ ತಪ್ಪು ಮಾಡಿದ ಎಂದು ಹೇಳುತ್ತಾ ಬಂದಿದ್ದೇನೆ. ಗೌಂಡಿಗೆ ಹಾಗೆ ಮಾಡಲು ಹೇಳಿದವನು ನಾನೇ.

ಮರುದಿನ ಸಾಹೇಬರ ಮನೆಗೆ ಒಂದು ಕಡೆಯಿಂದ ಬದನೆಕಾಯಿ, ಇನ್ನೊಂದು ಕಡೆಯಿಂದ ಶೇಂಗಾ ಹೋಳಿಗೆ, ಶೆಟ್ಟರ ಕಡೆಯಿಂದ ಎರಡು ಕಿಲೊ ಬೆಲ್ಲ ಹೋದವು. ಅಂದಿನಿಂದ ಸಾಹೇಬರು ಏನೇ ಅಂದರೂ ನಮ್ಮ ಓಣಿಯ ಉತ್ತರ ಒಂದೇ: “ಹೌದ್ರಿ ಸಾಹೇಬ್ರ.” ಅವರು ಆ ಗೋಡೆಗಳ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನಾವು ಒಂದು ಸಲವಾದರೂ ಅವರ ಜೊತೆ ಜಗಳವಾಡುತ್ತಿದ್ದೆವು. ಎತ್ತದ ಕಾರಣ ಏಳು ವರ್ಷ ಹೌದು ಹೌದು ಅನ್ನುತ್ತಲೇ ಇದ್ದೆವು.

ಅವರು ಕೊಂಡದ್ದು ಕಪ್ಪು ಕಾರು. ನಮ್ಮ ಕಡೆ ಬೇಸಿಗೆಯಲ್ಲಿ ಎರೆಹೊಲದ ಧೂಳು ಗಾಳಿಯ ಜೊತೆ ಮನೆಯೊಳಗೆ ಬಂದು ರೊಟ್ಟಿಯ ಮೇಲೆ ಕೂರುತ್ತದೆ. ಕಾರು ಕೊಳ್ಳುವವರೆಲ್ಲ ಬಿಳಿಯದೋ ಬೂದಿಬಣ್ಣದ್ದೋ ಕೊಳ್ಳುತ್ತಾರೆ.

“ಕಪ್ಪು ಯಾಕ ತಂದ್ರಿ ಸಾಹೇಬ್ರ? ಧೂಳ ಎಲ್ಲಾ ಎದ್ದು ಕಾಣ್ತೈತಿ” ಅಂದರು ಶೆಟ್ಟರು, ಬಾಯಿ ತಪ್ಪಿ.

“ಕಾಣ್ಲಿ ಅಂತನ ತಂದೇನಿ. ಕಾಣದ ಹೊಲಸು ತಗಿಯೂದು ಹ್ಯಾಂಗ್ರಿ ಶೆಟ್ರ?”

“ಹೌದ್ರಿ ಸಾಹೇಬ್ರ.”

ಅವರು ಕಾರು ತೊಳೆಯುವುದನ್ನು ನನ್ನ ಕಟ್ಟೆಯ ಮೇಲೆ ಕುಳಿತು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ವಾರಕ್ಕೆ ಎರಡು ಸಲ, ಬುಧವಾರ ಮತ್ತು ರವಿವಾರ, ಬಿಸಿಲು ತಗಡಿಗೆ ಬೀಳುವ ಮೊದಲು. ಕಾದ ತಗಡಿನ ಮೇಲೆ ನೀರು ಹಾಕಿದರೆ ನೀರು ಆರಿ ಅದರ ಉಪ್ಪು ಬಣ್ಣದ ಮೇಲೆ ಕೂರುತ್ತದೆ. ನಮ್ಮ ಬೋರಿನ ನೀರಿಗಂತೂ ಉಪ್ಪು ಬಹಳ. ಚಹಾದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ನೀರು ಅದು. ಹಾಗಾಗಿ ಸಾಹೇಬರು ಕಾರಿಗೆ ಬೋರಿನ ನೀರು ಮುಟ್ಟಿಸುತ್ತಿರಲಿಲ್ಲ. ಕುಡಿಯುವ ನೀರಿನ ಘಟಕದಿಂದ ಫಿಲ್ಟರ್ ನೀರಿನ ಎರಡು ಕ್ಯಾನು ಸ್ಕೂಟರಿನ ಮೇಲೆ ತರುತ್ತಿದ್ದರು. ಘಟಕದ ಮುಂದೆ ಕೊಡ ಹಿಡಿದು ಪಾಳಿ ನಿಂತ ಹೆಂಗಸರು, “ನಾವು ಬೋರಿನ ನೀರು ಕುಡುದು ಮೊಣಕಾಲು ನೋಯಿಸಿಕೊಂಡೀವಿ, ಸಾಹೇಬ್ರ ಕಾರಿಗೆ ಫಿಲ್ಟರ್ ಬೇಕು. ಕಾರಿನ ಮೊಣಕಾಲಿಗೆ ನೋವು ಬರ್ತೈತೇನ್ರೆವಾ” ಅನ್ನುತ್ತಿದ್ದರು. ಸಾಹೇಬರು ಹತ್ತಿರ ಬಂದ ಕೂಡಲೇ, “ಬರ್ರಿ ಸಾಹೇಬ್ರ, ನೀವು ಮೊದಲ ಹಿಡೀರಿ” ಅನ್ನುತ್ತಿದ್ದರು.

ಬಕೆಟು ಎರಡು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂ ನೀರಲ್ಲಿ ಅದ್ದಿ ಒಂದು ಬಾಗಿಲಿಗೆ ಹಚ್ಚಿದ ಮೇಲೆ, ಮತ್ತೆ ಅದರಲ್ಲೇ ಅದ್ದುವ ಹಾಗಿಲ್ಲ. ಮೊದಲು ಬರೀ ನೀರಲ್ಲಿ ಜಾಲಿಸಿ ಮಣ್ಣು ಬಿಡಿಸಬೇಕು. “ಇದು ಮಡಿ ಬಕೀಟ, ಇದು ಮೈಲಿಗಿ ಬಕೀಟ. ಅದಲಿ ಬದಲಿ ಆತು ಅಂದ್ರ ಗೀರ ಬಿದ್ದಾವಂತ ತಿಳೀರಿ” ಅನ್ನುತ್ತಿದ್ದರು. ಮೇಲಿನಿಂದ ಕೆಳಗೆ ಬರಬೇಕು, ಗಾಲಿ ಎಲ್ಲಕ್ಕೂ ಕೊನೆಗೆ. ಬಟ್ಟೆ ಗುಂಡಗೆ ತಿರುಗಿಸಬಾರದು, ನೆಟ್ಟಗೆ ಎಳೆಯಬೇಕು. ಗುಂಡಗೆ ತಿರುಗಿಸಿದರೆ ಬಿಸಿಲಿನಲ್ಲಿ ಜೇಡರ ಬಲೆಯಂಥ ಗೆರೆಗಳು ಕಾಣುತ್ತವೆ.

ಬಟ್ಟೆಗಳು ಅವರ ಹಳೆಯ ಧೋತರದ ತುಂಡುಗಳು, ಅಂಚು ಕತ್ತರಿಸಿದವು. ಒಂದೊಂದಕ್ಕೂ ಇಲಾಖೆಯ ಅಳಿಯದ ಶಾಯಿಯಿಂದ ನಂಬರು ಬರೆದಿದ್ದರು. ಒಂದು ಕಾರಿನ ಚಾವಣಿಗೆ, ಎರಡು ಬಾನೆಟ್ಟಿಗೆ, ಮೂರು ಬಾಗಿಲಿಗೆ, ನಾಲ್ಕು ಗಾಜಿಗೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗಿಲ್ಲ. “ಇದು ರಿಟೈರ್ ಆತು” ಎಂದು ಅದನ್ನು ಸ್ಕೂಟರಿಗೆ ಇಳಿಸುತ್ತಿದ್ದರು. ಕಾಗೆ ಗಲೀಜು ಮಾಡಿದರೆ ತಿಕ್ಕುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಸಿ, ಹತ್ತು ನಿಮಿಷ ಪಕ್ಕದಲ್ಲಿ ನಿಂತು, ನೆನೆದ ಮೇಲೆ ಎತ್ತುತ್ತಿದ್ದರು. ಆ ಹತ್ತು ನಿಮಿಷ ಅವರ ಮುಖದಲ್ಲಿ ರೋಗಿಯ ನಾಡಿ ಹಿಡಿದವರ ಗಾಂಭೀರ್ಯ ಇರುತ್ತಿತ್ತು. ತೊಳೆದಾದ ಮೇಲೆ ಮೇಣ. ಬೆರಳ ತುದಿಯಷ್ಟು, ಅದಕ್ಕಿಂತ ಹೆಚ್ಚಲ್ಲ. ಹಚ್ಚಿ, ಅದು ಬೆಳ್ಳಗಾಗುವವರೆಗೆ ಕಾದು, ಒಣ ಬಟ್ಟೆಯಿಂದ ಉಜ್ಜಿದರೆ ನಮ್ಮ ಓಣಿಯ ಬೇವಿನ ಮರ ಬಾಗಿಲಲ್ಲಿ ಎಲೆಎಲೆಯಾಗಿ ಕಾಣುತ್ತಿತ್ತು. ಶೆಟ್ಟರು ದಿನಾ ಅಂಗಡಿಗೆ ಹೋಗುವಾಗ ಆ ಬಾಗಿಲಲ್ಲೇ ತಲೆ ಬಾಚಿಕೊಳ್ಳುತ್ತಿದ್ದರು.

ಆಯುಧಪೂಜೆಯ ದಿನ ದೊಡ್ಡ ಪ್ರಸಂಗವೇ ಆಗುತ್ತಿತ್ತು. ಊರಿನ ಎಲ್ಲ ಗಾಡಿಗಳ ಬಾನೆಟ್ಟಿನ ಮೇಲೂ ಅಯ್ಯನವರು ವಿಭೂತಿ ಎಳೆದು ಕುಂಕುಮ ಇಡುತ್ತಾರೆ. ಸಾಹೇಬರು ಮೊದಲೇ ಬಾನೆಟ್ಟಿನ ಅಳತೆಗೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹಾಸಿರುತ್ತಿದ್ದರು.

“ಇದೇನ್ರಿ ಸಾಹೇಬ್ರ, ಪೂಜಿ ಕಾರಿಗೋ, ಪ್ಲಾಸ್ಟಿಕ್ಕಿಗೋ?” ಎಂದು ಅಯ್ಯನವರು ಕೇಳಿದರು.

“ಅಯ್ಯನವರ, ದೇವರು ಕಲ್ಲಿನ್ಯಾಗ ಅದಾನ, ಕಂಬದಾಗ ಅದಾನ ಅಂತೀರಿ. ಒಂದು ಹಾಳಿ ದಾಟಿ ಬರೂದು ಅವಗ ಆಗೂದಿಲ್ಲೇನು?”

ಅಯ್ಯನವರ ಮನೆಯ ಜಗುಲಿಯೂ ಎರಡು ಅಡಿ ಹೊರಗಿತ್ತು. ಅವರು ಪ್ಲಾಸ್ಟಿಕ್ಕಿನ ಮೇಲೆ ವಿಭೂತಿ ಎಳೆದರು.

ಇಷ್ಟೆಲ್ಲ ಶಿಸ್ತಿನ ಮನುಷ್ಯ ಒಂದು ರವಿವಾರ ಗಾಜು ಒರೆಸಿ, ದೂರ ನಿಂತು ನೋಡಿ, ಮತ್ತೆ ಒರೆಸಿದರು. ಮತ್ತೆ ನೋಡಿದರು. “ಮಾಸ್ತರ, ಇಲ್ಲೆ ಒಂದೀಟು ಬರ್ರಿ” ಅಂದರು. ಹೋದೆ. “ಗಾಜಿನ ಮ್ಯಾಲ ಒಂದು ಮಬ್ಬು ಐತಿ. ನಿಮಗ ಕಾಣ್ತೈತೇನು?”

ನಾನು ನೋಡಿದೆ. ಗಾಜು ಇತ್ತೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು. ಒಳಗಿನ ಸ್ಟೀರಿಂಗಿನ ಮೇಲಿನ ಸಣ್ಣ ಅಕ್ಷರಗಳನ್ನು ಹೊರಗೆ ನಿಂತೇ ಓದಬಹುದಿತ್ತು. ಆಮೇಲೆ ನನ್ನ ಬಾಯಿಂದ ಬಂದ ಮಾತು ಇದು. ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ: “ಹೌದ್ರಿ ಸಾಹೇಬ್ರ, ಒಂದ ಸ್ವಲ್ಪ ಐತ್ರಿ.”

ಹತ್ತನೆಯ ತರಗತಿಗೆ ಪ್ರತಿ ವರ್ಷ ನಾನು ಕಣ್ಣಿನ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು, ಮಸೂರಕ್ಕೆ ಪೊರೆ ಬಂದರೆ ಎಲ್ಲವೂ ಮಂಜಿನಲ್ಲಿ ಇದ್ದಂತೆ ಕಾಣುತ್ತದೆ ಎಂದು ಬಣ್ಣದ ಸೀಮೆಸುಣ್ಣದಿಂದ ತೋರಿಸುತ್ತೇನೆ. ಆ ವರ್ಷವೂ ತೋರಿಸಿದೆ.

ಗಾಜು ಒರೆಸಲು ಸಾಹೇಬರ ಒಂದು ಪದ್ಧತಿ ಇತ್ತು. ಹೊರಗಿನ ಮೈ ಅಡ್ಡಡ್ಡ ಒರೆಸಬೇಕು, ಒಳಗಿನ ಮೈ ಉದ್ದುದ್ದ. ಆಮೇಲೆ ಕಲೆಯ ಗೆರೆ ಅಡ್ಡ ಇದ್ದರೆ ಅದು ಹೊರಗಿನದು, ಉದ್ದ ಇದ್ದರೆ ಒಳಗಿನದು ಎಂದು ತಕ್ಷಣ ತಿಳಿಯುತ್ತದೆ. ಬುದ್ಧಿವಂತಿಕೆಯ ಪದ್ಧತಿ. ಆದರೆ ಈ ಮಬ್ಬು ಅಡ್ಡವೂ ಇರಲಿಲ್ಲ, ಉದ್ದವೂ ಇರಲಿಲ್ಲ. “ಇದು ಯಾವ ಜಾತಿ ಮಬ್ಬು ಅಂತನ ತಿಳೀವಲ್ದು ಮಾಸ್ತರ” ಅಂದರು. ಅಂದರೆ ಅದು ಗಾಜಿನ ಹೊರಮೈ ಮೇಲೂ ಇಲ್ಲ, ಒಳಮೈ ಮೇಲೂ ಇಲ್ಲ ಎಂದು ಅವರ ಲೆಕ್ಕವೇ ಅವರಿಗೆ ಉತ್ತರ ಹೇಳುತ್ತಿತ್ತು. ಅವರು ಉತ್ತರವನ್ನು ಬಿಟ್ಟು ಬಟ್ಟೆ ಬದಲಿಸಿದರು.

ಓಣಿ ನೆರವಿಗೆ ಬಂತು. ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿಯ ಹಿಟ್ಟು ಅಂದರು ಒಬ್ಬರು. ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟಿನ ದೊಡ್ಡ ಫ್ಯಾನುಗಳು ತಿರುಗುತ್ತವಲ್ಲ, ಅವುಗಳ ಎಣ್ಣೆ ಗಾಳಿಯಲ್ಲಿ ಹಾರಿ ಬರುತ್ತದೆ ಅಂದರು ಮೂಲೆಮನೆಯವರು. “ನಮ್ಮ ಅಂಗಡಿ ಸಕ್ಕರೀಗೂ ಮಬ್ಬು ಬಂದೈತ್ರಿ” ಅಂದರು ಶೆಟ್ಟರು. ಆ ಸಕ್ಕರೆಗೆ ಮಬ್ಬು ಬಂದದ್ದು ಬೇರೆ ಕಾರಣಕ್ಕೆ. ಗಜೇಂದ್ರಗಡದ ಅಂಗಡಿಯೊಂದರಿಂದ ನೀಲಿ ನೀರಿನ ಬಾಟಲಿ ಬಂತು, ಹಸಿರು ನೀರಿನದು ಬಂತು. ಒದ್ದೆ ಪೇಪರು, ಒಣ ಪೇಪರು, ಲಿಂಬೆರಸ ಎಲ್ಲ ಆಯಿತು. ಪ್ರತಿ ಸಲ ಒರೆಸಿದ ಮೇಲೆ ಸಾಹೇಬರು ನಮ್ಮನ್ನು ಕರೆದು ಕೇಳುತ್ತಿದ್ದರು. ನಾವು ಪ್ರತಿ ಸಲ, “ಸ್ವಲ್ಪ ಹೋಗೇತ್ರಿ, ಇನ್ನ ಸ್ವಲ್ಪ ಐತ್ರಿ” ಅನ್ನುತ್ತಿದ್ದೆವು. ಎಷ್ಟು ಹೋಯಿತು ಎಷ್ಟು ಉಳಿಯಿತು ಎಂದು ನಮ್ಮ ನಮ್ಮಲ್ಲೇ ವಾದವೂ ಆಗುತ್ತಿತ್ತು.

ಕೊನೆಗೆ ಬೂದಿ. ಅವರ ತಾಯಿ ಕಂದೀಲಿನ ಗಾಜನ್ನು ಒಲೆಯ ಬೂದಿಯಿಂದ ತಿಕ್ಕುತ್ತಿದ್ದರಂತೆ, ಗಾಜು ಥಳಥಳ ಹೊಳೆಯುತ್ತಿತ್ತಂತೆ. ಸಾಹೇಬರು ಸ್ನಾನದ ನೀರು ಕಾಸುವ ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನಾಲ್ಕನೆಯ ನಂಬರಿನ ಬಟ್ಟೆಗೆ ಹಚ್ಚಿ ಗಾಜು ತಿಕ್ಕತೊಡಗಿದರು. ಎಷ್ಟು ಸೋಸಿದರೂ ಬೂದಿಯಲ್ಲಿ ಸಣ್ಣ ಕಲ್ಲಿನಂಶ ಉಳಿದೇ ಉಳಿಯುತ್ತದೆ. ಇದೂ ನನಗೆ ಗೊತ್ತಿತ್ತು.

ಒಂದು ಬುಧವಾರ ನಾನು ಕಟ್ಟೆಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸಾಹೇಬರು ಬಟ್ಟೆಯ ನಂಬರನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಆಮೇಲೆ ಬೂದಿ ಹತ್ತಿದ ನಾಲ್ಕನೆಯ ಬಟ್ಟೆಯಿಂದ ಬಾನೆಟ್ ಒರೆಸತೊಡಗಿದರು. ಈ ತುದಿಯಿಂದ ಆ ತುದಿಗೆ, ನೆಟ್ಟಗೆ, ಬಹಳ ಶ್ರದ್ಧೆಯಿಂದ. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಎದ್ದು ನಿಂತೆ. ಅವರು ನನ್ನ ಕಡೆ ತಿರುಗಿ, “ಹ್ಯಾಂಗ ಮಾಸ್ತರ? ಹೊಳಪು ಬಂತಲ್ಲ?” ಅಂದರು.

“ಬಂತ್ರಿ ಸಾಹೇಬ್ರ” ಅಂದು ಕುಳಿತೆ. ಮುಂದಿನ ಹುಡುಗನಿಗೆ ಎರಡು ಅಂಕ ಹೆಚ್ಚು ಹಾಕಿದೆ.

ಇದಾದ ಎರಡನೆಯ ಹಿಂಗಾರಿನಲ್ಲಿ ಒಂದು ದಿನ ಗಜೇಂದ್ರಗಡಕ್ಕೆ ಹೊಸದೊಂದು ಬಾಟಲಿ ತರಲು ಹೊರಟವರು, “ಬರ್ರಿ ಮಾಸ್ತರ, ಜೋಡಿ ಆಗ್ತೈತಿ” ಎಂದು ನನ್ನನ್ನೂ ಕೂಡಿಸಿಕೊಂಡರು. ಹೋಗುವಾಗ ಸೂರ್ಯ ಬೆನ್ನಿಗಿದ್ದ, ತೊಂದರೆಯಾಗಲಿಲ್ಲ. ತಿರುಗಿ ಬರುವಾಗ ರಾಜೂರ ದಾಟಿದ ಮೇಲೆ ಇಳಿಬಿಸಿಲು ನೇರ ಎದುರಿಗೆ ಬಂತು. ಸಾಹೇಬರು ಗಾಡಿಯನ್ನು ಹಗುರ ಮಾಡಿದರು, ಮುಂದಕ್ಕೆ ಬಾಗಿದರು, ಎಡಗೈಯಿಂದ ಗಾಜಿನ ಒಳಮೈ ಒರೆಸಿದರು. ರಸ್ತೆಯ ಮೇಲೆ ಕುರಿ ಬರುತ್ತಿದ್ದವು. ರಸ್ತೆ ತುಂಬ. ಮುಂದೆ ಒಬ್ಬ ಮುದುಕ, ಹೆಗಲ ಮೇಲೆ ಅಡ್ಡ ಕೋಲು. ನನಗೆ ಎಲ್ಲ ಕಂಡಿತು. ಸಾಹೇಬರಿಗೂ ಕಂಡಿದೆ ಎಂದುಕೊಂಡೆ. ಇಲ್ಲ, ಇದನ್ನು ಸರಿಯಾಗಿ ಹೇಳಬೇಕು. ಅವರಿಗೆ ಕಂಡಿಲ್ಲ ಎಂದು ನನಗೆ ತಿಳಿದಿತ್ತು. ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದೆ.

“ಸಾಹೇಬ್ರ, ಕುರಿ! ಕುರಿ!”

ಬ್ರೇಕು ಬಿತ್ತು. ಮುದುಕನ ಎರಡೂ ಅಂಗೈ ಬಾನೆಟ್ಟಿನ ಮೇಲಿದ್ದವು. ಕಾರು ತನ್ನ ಮೈಮೇಲೆ ಬರುವುದನ್ನು ಕೈಯಿಂದ ತಡೆದಂತೆ ನಿಂತಿದ್ದ. ಅವನಿಗೆ ಏನೂ ಆಗಿರಲಿಲ್ಲ. ಒಂದು ಗೇಣು ಉಳಿದಿತ್ತು.  ಇವತ್ತು ಇದನ್ನು ಬರೆಯುವಾಗಲೂ ಆ ಎರಡು ಅಂಗೈ ಕಾಣುತ್ತವೆ.

“ಕಣ್ಣ ಕಾಣ್ತಾವಿಲ್ಲೋ ನಿನಗ?” ಎಂದು ಮುದುಕ ಒದರಿದ. ಎರಡೂವರೆ ವರ್ಷದಲ್ಲಿ ಸಾಹೇಬರಿಗೆ ಕೇಳಬೇಕಾದ ಪ್ರಶ್ನೆಯನ್ನು ಮನೆಯ ಹೊರಗೆ ಕೇಳಿದವನು ಅವನೊಬ್ಬನೇ. ಅವನ ಮನೆ ನಮ್ಮ ಓಣಿಯಲ್ಲಿರಲಿಲ್ಲ.

ಸಾಹೇಬರ ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, “ನಿಮಗ ಕಂಡಿದ್ದುವೇನು?”

“ಎದುರ ಬಿಸಿಲ್ರಿ ಸಾಹೇಬ್ರ. ಯಾರಿಗೂ ಕಾಣೂದಿಲ್ಲ” ಅಂದೆ.

ಅವರು ಕೆಳಗಿಳಿದು ಮುದುಕನಿಗೆ ಕೈ ಮುಗಿದರು. ಕುರಿ ದಾಟಿದ ಮೇಲೆ ನಂಬರಿನ ಬಟ್ಟೆ ತೆಗೆದು, ಬಾನೆಟ್ಟಿನ ಮೇಲಿನ ಅಂಗೈ ಗುರುತು ಹಾಗೇ ಬಿಟ್ಟು, ಗಾಜು ಒರೆಸಿದರು. “ನಾಳೆ ಈ ಗಾಜ ತಗಿಸಿ ಹಾಕಿಬಿಡ್ತೀನಿ. ಹೊಸಾದ ಕೂಡಸೂದ” ಅಂದರು.

ಮರುದಿನ ಮತ್ತೆ ಗಜೇಂದ್ರಗಡಕ್ಕೆ ಹೋದೆವು, ಈ ಸಲ ಸೂರ್ಯ ನೆತ್ತಿಗೆ ಬಂದ ಮೇಲೆ, ಬಹಳ ನಿಧಾನ. ಬಸ್ಸು, ಟ್ರ್ಯಾಕ್ಟರುಗಳಿಗೆ ಗಾಜು ಕೂಡಿಸುವ ದಾವಲಸಾಬ್ ಎಂಬ ಮಿಸ್ತ್ರಿ ಇದ್ದಾನೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅವನು ಗಾಜಿಗೆ ಉಗುರು ತಾಗಿಸಿ ನೋಡಿದ, ಒಳಗೆ ಕುಳಿತು ನೋಡಿದ, ಹೊರಗೆ ನಿಂತು ನೋಡಿದ. ಆಮೇಲೆ ಗಾಜನ್ನು ಬಿಟ್ಟು ಸಾಹೇಬರನ್ನು ನೋಡಿದ.

“ಮಬ್ಬು ಎಲ್ಲೆ ಐತ್ರಿ ಸಾಹೇಬ್ರ?”

“ಎಲ್ಲಾ ಕಡೆ ಐತಲ್ಲೋ. ನಡುವಂತೂ ಭಾಳ.”

“ಬಾಜೂ ಗಾಜಿನ್ಯಾಗ?”

“ಅದರಾಗೂ ಬಂದೈತಿ ಈಗ.”

ದಾವಲಸಾಬ್ ಸಾಹೇಬರನ್ನು ಸೀಟಿನ ಮೇಲೆ ಕೂಡಿಸಿದ. ಪಕ್ಕದ ಗಾಜನ್ನು ಪೂರ್ತಿ ಕೆಳಗಿಳಿಸಿದ. ಆಮೇಲೆ ಆ ಖಾಲಿ ಕಿಟಕಿಯಿಂದ ತನ್ನ ಕೈಯನ್ನು ಒಳಗೆ ಹೊರಗೆ ಎರಡು ಸಲ ಆಡಿಸಿ ತೋರಿಸಿದ.

“ಈಗ ಇಲ್ಲೆ ಗಾಜಿಲ್ಲ, ಹೌದಿಲ್ರಿ? ಎದುರ ಆ ಚಹಾದಂಗಡಿ ಬೋರ್ಡ ನೋಡ್ರಿ. ಮಬ್ಬು ಐತೇನು?”

ಸಾಹೇಬರು ನೋಡಿದರು. ಬಹಳ ಹೊತ್ತು ನೋಡಿದರು. 

“ಐತಿ” ಅಂದರು.

“ಮತ್ತ ನಾನೇನ ತಗೀಲಿ ಸಾಹೇಬ್ರ? ಗಾಜಿನ ಮಾತು ಆಮ್ಯಾಲ ಆಡೂಣು. ಮೊದಲ ಕಣ್ಣಿನ ದವಾಖಾನಿಗೆ ಹೋಗ್ರಿ. ಲಗೂ ಹೋಗ್ರಿ.” ಆಮೇಲೆ ನನ್ನ ಕಡೆ ತಿರುಗಿದ. “ನೀವು ಸಾಲಿ ಮಾಸ್ತರಲ್ಲೇನ್ರಿ? ಗಾಡಿ ನಾನು ತಂದು ಬಿಡ್ತೀನಿ. ಇವರನ್ನ ಬಸ್ಸಿಗೆ ಕರಕೊಂಡು ಹೋಗ್ರಿ.”

ಪರೀಕ್ಷೆಗೆ ಅವನಿಗೆ ಬೇಕಾದದ್ದು ಇಳಿಸಿದ ಒಂದು ಗಾಜು. ನನ್ನ ಪ್ರಯೋಗಾಲಯದ ಕಪಾಟಿನಲ್ಲಿ ಹನ್ನೆರಡು ಮಸೂರಗಳಿವೆ.

ಹುಬ್ಬಳ್ಳಿಯ ದವಾಖಾನೆಗೆ ಸಾಹೇಬರ ಜೊತೆ ಅವರ ಮನೆಯವರೂ ನಾನೂ ಹೋದೆವು. ಸಾಹೇಬರ ಹೆಂಡತಿಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. ಮಾತು ಕಡಿಮೆ. ವೈದ್ಯರು ಸಾಹೇಬರ ಎರಡೂ ಕಣ್ಣು ನೋಡಿ, ಎಡಗಣ್ಣಿಗೆ ಪೊರೆ ಬಂದಿದೆ, ತೆಗೆದರೆ ಚೆನ್ನಾಗಿ ಕಾಣುತ್ತದೆ ಅಂದರು. ಬಲಗಣ್ಣಿಗೆ ಪೊರೆಯ ಜೊತೆಗೆ ಒಳಗಿನ ಒತ್ತಡ ಏರಿ ನರ ಒಣಗಿದೆ, ಇನ್ನು ಏನೂ ಮಾಡಲಾಗದು ಅಂದರು.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು.

“ಗಾಡಿ ಗಾಜು ಹೊಲಸಾದಾಗಿಂದ್ರಿ” ಅಂದರು ಸಾಹೇಬರು.

ವೈದ್ಯರು ನಗಲಿಲ್ಲ. ಎರಡು ವರ್ಷದ ಹಿಂದೆ ಬಂದಿದ್ದರೆ ಹನಿ ಹಾಕಿಯಾದರೂ ಈ ಕಣ್ಣನ್ನು ಉಳಿಸಬಹುದಿತ್ತು ಅಂದರು.

ಹೊರಗೆ ಬೆಂಚಿನ ಮೇಲೆ ಕುಳಿತಾಗ ವೈನಿ ನೆಲ ನೋಡುತ್ತಾ ಹೇಳಿದರು: “ನಾ ಮೊದಲನ ಹೇಳಿದ್ನಿ ಮಾಸ್ತರ. ಗಾಜಿಗೇನಾಗಿಲ್ಲ, ಒಮ್ಮೆ ಕಣ್ಣು ತೋರಿಸ್ರಿ ಅಂದ್ನಿ. ‘ನಿನಗೇನ ತಿಳೀತೈತಿ, ಎದುರಮನಿ ಮಾಸ್ತರಿಗೂ ಮಬ್ಬು ಕಾಣ್ತೈತಿ, ಅವರು ಸೈನ್ಸ್ ಓದಿದವರು’ ಅಂದ್ರು. ಆಮ್ಯಾಲ ನಾನೂ ಸುಮ್ಮನಾದ್ನಿ. ನಿಮಗೂ ಕಾಣ್ತೈತಿ ಅಂದ ಮ್ಯಾಲ ಇದ್ದೀತು ಅಂತ.”

ಅವರ ದನಿಯಲ್ಲಿ ಆಪಾದನೆ ಇರಲಿಲ್ಲ.  ನಾನು ಎದ್ದು ಹೋಗಿ ಮೂರು ಚಹಾ ತಂದೆ. 

ಎಡಗಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚಿ, ಕರಿ ಕನ್ನಡಕವೂ ಹೋಗಿ ಸಾಹೇಬರು ಓಣಿಗೆ ಬಂದಾಗ ಎಲ್ಲರೂ ಬಂದು ಮಾತಾಡಿಸಿದರು. “ನಮಗ ಮೊದಲನ ಸಂಶೇ ಇತ್ರಿ” ಅಂದರು ಶೆಟ್ಟರು. ಸಾಹೇಬರು ಅವರನ್ನು ನೋಡಿ, “ಶೆಟ್ರ, ನಿಮ್ಮ ಮೀಸಿ ಇಷ್ಟು ಬೆಳ್ಳಗ ಯಾವಾಗ ಆದೂ?” ಅಂದರು. ಎಲ್ಲರೂ ನಕ್ಕರು, ಬೇಗ ಬೇಗ ಮನೆಗೆ ಹೋದರು.

ಎರಡು ದಿನದ ಮೇಲೆ ಇಳಿಹೊತ್ತಿನಲ್ಲಿ ಅವರು ಕಾರಿನ ಹೊದಿಕೆ ತೆಗೆದರು. ನಾನು ಕಟ್ಟೆಯ ಮೇಲಿದ್ದೆ. ಎದ್ದು ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಇಳಿಬಿಸಿಲು ಬಾನೆಟ್ಟಿನ ಮೇಲೆ ಓರೆಯಾಗಿ ಬಿದ್ದಿತ್ತು. ಕಪ್ಪು ಬಣ್ಣದ ತುಂಬ ಈ ತುದಿಯಿಂದ ಆ ತುದಿಗೆ ಕೂದಲಿನಷ್ಟು ಸಣ್ಣ ಗೀರುಗಳು, ಒಂದರ ಪಕ್ಕ ಒಂದು, ನೆಟ್ಟಗೆ. ಮುಂದಿನ ಗಾಜಿನ ಮೇಲೂ ಅಷ್ಟೇ. ಈಗ ಆ ಓರೆ ಬಿಸಿಲಿನಲ್ಲಿ ಅದರ ಮೇಲೆ ನಿಜವಾಗಿಯೂ ಒಂದು ಮಬ್ಬು ಕಾಣುತ್ತಿತ್ತು. ಸಾಹೇಬರು ಬಾಗಿ ನೋಡಿದರು, ಬೆರಳಿನಿಂದ ಮುಟ್ಟಿದರು.

“ಮಾಸ್ತರ, ಬರ್ರಿ ಇಲ್ಲೆ.”

ಹೋದೆ.

“ಇವೇನು?”

ನನ್ನ ನಾಲಗೆ ರೂಢಿಯ ಪ್ರಕಾರ, ಏನೂ ಇಲ್ಲ ಅನ್ನಲು ಎದ್ದಿತು. ಅದನ್ನು ಹಿಡಿದು ನಿಲ್ಲಿಸಲು ನನಗೆ ಎಷ್ಟು ಹೊತ್ತು ಬೇಕಾಯಿತು ಎಂದರೆ ಅವರು ತಲೆಯೆತ್ತಿ ನನ್ನ ಮುಖ ನೋಡಿದರು.

“ಗೀರ್ರಿ” ಅಂದೆ. “ಬೂದಿ ಗೀರು. ಗಾಜು ಒರಸೂ ಅರಬಿ ತಪ್ಪಿ ಬಾನೆಟ್ಟಿಗೆ ಹಚ್ಚಿದ್ರಿ.”

“ನಾನ?”

“ಹೌದ್ರಿ. ಎರಡು ವರ್ಷ ಆಗ್ಲಿಕ್ಕೆ ಬಂತು.”

“ನೀವು ನೋಡಿದ್ರಿ?”

“ನೋಡಿದ್ನಿರಿ.”

“ಗಾಜಿನ ಮ್ಯಾಲ ಮಬ್ಬು?”

“ಇರ್ಲಿಲ್ರಿ. ಬೂದಿ ತಿಕ್ಕೂ ಮೊದಲ ಏನೂ ಇರ್ಲಿಲ್ಲ.”

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು, ಒಂದೊಂದು ಬಾಗಿಲಿನ ಮುಂದೂ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಾ. ಬೈಯುತ್ತಾರೆ ಎಂದು ನಾನು ಕಾದೆ. ಬೈದರೆ ಸಾಕು ಎಂದು ಕಾದೆ. ಸುತ್ತು ಮುಗಿಸಿ ಬಂದು ನನ್ನ ಪಕ್ಕ ನಿಂತರು. ಆಮೇಲೆ ಎಡಗೈ ಎತ್ತಿ ಎಡಗಣ್ಣನ್ನು, ಕಾಣುವ ಕಣ್ಣನ್ನು, ಅಂಗೈಯಿಂದ ಪೂರ್ತಿ ಮುಚ್ಚಿಕೊಂಡರು. ಬಲಗಣ್ಣಿಗೆ ಬೆಳಕು ಇದೆ ಇಲ್ಲ ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆ ಕಣ್ಣಿನಿಂದ ಕಾರನ್ನು ಬಹಳ ಹೊತ್ತು ನೋಡಿದರು.

“ಈ ಕಣ್ಣೀಲೆ ನೋಡಿದ್ರ ಗಾಡಿ ಈಗ ಶೋರೂಮಿನಿಂದ ಬಂದಂಗ ಐತಿ ಮಾಸ್ತರ” ಅಂದರು. “ಒಂದು ಗೀರಿಲ್ಲ, ಒಂದು ಕಲಿ ಇಲ್ಲ.”

ಆಮೇಲೆ ಜೋರಾಗಿ ನಕ್ಕರು. ಓಣಿಯ ಎರಡು ಕಿಟಕಿ ತೆರೆದವು. ನಾನು ನಗಲು ಪ್ರಯತ್ನಿಸಿದೆ, ಆಗಲಿಲ್ಲ.

“ನಗ್ರಿ ಮಾಸ್ತರ” ಅಂದರು ಸಾಹೇಬರು, ಅಂಗೈ ಇನ್ನೂ ಕಣ್ಣಿನ ಮೇಲೆ ಇದ್ದ ಹಾಗೇ. “ಇಷ್ಟು ದಿನ ಹೌದ್ರಿ ಹೌದ್ರಿ ಅನ್ನಾಕ ಬರ್ತಿತ್ತಲ್ಲ. ನಗಾಕ ಏನಾತು?”